ಏಳಬೇಡಿ ಎನ್ನಲು ಒಂದು ಹೊಸ ಮಾತು

ನಾನು ನಿಂತಿದ್ದದ್ದು ನಮ್ಮ ಮನೆಯ ಹೊಸ್ತಿಲ ಒಳಗೆ. ಬಲಗೈ ಬಾಗಿಲ ಚೌಕಟ್ಟಿನ ಮೇಲಿತ್ತು. ಮೈಸೂರಿನ ಚಾಮರಾಜಪುರಂನ ಒಂದು ಅಡ್ಡರಸ್ತೆಯ ಹಳೆಯ ಮನೆ ನಮ್ಮದು. ಬಾಗಿಲಿನಿಂದ ನೋಡಿದರೆ ಮೊದಲು ವರಾಂಡ, ಆಮೇಲೆ ಮೆಟ್ಟಿಲು, ಅದರಾಚೆ ಗೇಟು. ದಸರಾ ಮುಗಿದ ಮೇಲೆ ಬಂದ ಮೊದಲ ಭಾನುವಾರ. ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿಕೊಂಡು ಜನ ಮನೆಗೆ ಮರಳುವ ಹೊತ್ತು. ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ವರಾಂಡದ ಬೆತ್ತದ ಕುರ್ಚಿಯಲ್ಲಿ ಗೇಟಿನ ಕಡೆ ಮುಖ ಮಾಡಿ ಕೂತಿದ್ದರು. ನನಗೆ ಅವರ ಬೆನ್ನು ಮತ್ತು ಎರಡು ಕೈಗಳು ಕಾಣುತ್ತಿದ್ದವು. ಮುಖ ಕಾಣುತ್ತಿರಲಿಲ್ಲ. ಆದ್ದರಿಂದ ಅವರ ಮುಖದ ಬಗ್ಗೆ ನಾನು ಏನನ್ನೂ ಹೇಳುವುದಿಲ್ಲ.

ಹೀಗೆ ಹೇಳುವುದು ನನಗೆ ಅಭ್ಯಾಸವಾಗಿಹೋಗಿದೆ. ನಿವೃತ್ತನಾಗುವವರೆಗೂ ನ್ಯಾಯಾಲಯದಲ್ಲಿ ಸಾಕ್ಷಿಗಳ ಹೇಳಿಕೆಗಳನ್ನು ಬೆರಳಚ್ಚು ಮಾಡುತ್ತಿದ್ದವನು ನಾನು. ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂದು ಬೇರೆ ಮಾಡದಿದ್ದರೆ ಊಟ ಸೇರುವುದಿಲ್ಲ.

ಆ ಭಾನುವಾರಕ್ಕೆ ಬರುವ ಮೊದಲು ಅದರ ಹಿಂದಿನದನ್ನು ಹೇಳಬೇಕು.

ಅತ್ತೆಯವರದು ನಂಜನಗೂಡಿನ ಕಡೆಯ ರೈತ ಮನೆತನ. ಯಾರು ಬಂದರೂ ಎದ್ದು ನಿಲ್ಲುವುದು ಅವರ ರೂಢಿ. ಅಳಿಯನಾದ ನನಗೆ ಏಳುತ್ತಿದ್ದರು ಸರಿ, ಗ್ಯಾಸ್ ಸಿಲಿಂಡರ್ ತಂದವನಿಗೂ ಏಳುತ್ತಿದ್ದರು. ಎದುರು ಮನೆಯಲ್ಲಿ ರೈಲ್ವೆಯಿಂದ ನಿವೃತ್ತರಾದ ಒಬ್ಬರಿದ್ದಾರೆ, ಕ್ಯಾಥೊಲಿಕರು, ಅತ್ತೆಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು. ಪ್ರತಿ ಭಾನುವಾರ ಪೂಜೆ ಮುಗಿಸಿ ನೇರವಾಗಿ ನಮ್ಮ ವರಾಂಡಕ್ಕೆ ಬಂದು ಅತ್ತೆಯ ಜೊತೆ ಚೌಕಾಬಾರ ಆಡುವುದು ಅವರ ಪದ್ಧತಿಯಾಗಿತ್ತು. ಕವಡೆ ಅತ್ತೆಯದು, ವಾದ ಇಬ್ಬರದು. ಒಂದು ಭಾನುವಾರ ಅವರು "ಏಳ್ಬೇಡಿ ಅಮ್ಮ, ಏಳ್ಬೇಡಿ" ಎನ್ನುತ್ತಲೇ ಮೆಟ್ಟಿಲು ಹತ್ತಿ ಬಂದರು. ಅತ್ತೆ ಎದ್ದರು. ಕುರ್ಚಿ ಹಿಂದಕ್ಕೆ ಜಾರಿತು. ಬಿದ್ದರು. ಸೊಂಟದ ಮೂಳೆ ಮುರಿಯಿತು.

ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ಮೇಲೆ, ಯಾರಾದರೂ ಹಿಡಿದುಕೊಳ್ಳದೆ ಏಳಲೇಬಾರದು, ಇನ್ನೊಮ್ಮೆ ಬಿದ್ದರೆ ನಡೆಯುವ ಆಸೆ ಬಿಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು. ಎದುರು ಮನೆಯವರು ಅಂದಿನಿಂದ ಗೇಟಿನೊಳಗೆ ಕಾಲಿಡಲಿಲ್ಲ. ಅತ್ತೆ ಒಳಗಿರುವ ಹೊತ್ತು ನೋಡಿ ಗೇಟಿನ ಆಚೆಯಿಂದ ನನ್ನನ್ನು ವಿಚಾರಿಸುತ್ತಿದ್ದರು. "ನಾನ್ ಬಂದ್ರೆ ಎದ್ದೇಳ್ತಾರೆ ಸಾರ್. ಬೇಡ ಬಿಡಿ," ಎಂದು ಹೊರಟುಹೋಗುತ್ತಿದ್ದರು. ಬೀದಿಯ ಬೇರೆಯವರೂ ಹಾಗೆಯೇ. ದಿನವಿಡೀ ಮಾತಾಡುತ್ತಿದ್ದ ವರಾಂಡ ಸುಮ್ಮನಾಯಿತು.

"ಎಲ್ರೂ ನನ್ನ ಮರ್ತ್‌ಬುಟ್ರು ಕಣಮ್ಮ," ಎಂದರು ಅತ್ತೆ, ಮಗಳಿಗೆ.

"ನೀನು ಏಳ್ತೀಯ ಅಂತ ಬರಲ್ಲ. ಏಳ್ಬೇಡಿ ಅಂದಾಗ ಕೂತಿದ್ರೆ ಬರ್ತಾರೆ."

"ಏಳ್ಬೇಡಿ ಅನ್ನೋದು ಅವರ ದೊಡ್ಡತನ. ಏಳೋದು ನಮ್ಮ ಮರ್ವಾದೆ. ಊಟ ಬ್ಯಾಡ ಅಂತಾರೆ, ಅಂಗೇ ಕಳಿಸ್‌ಬುಡ್ತೀಯಾ?"

ನನ್ನ ಹೆಂಡತಿ ಭೂಗೋಳ ಪಾಠ ಮಾಡಿ ನಿವೃತ್ತಳಾದವಳು. ಯಾವುದಕ್ಕೂ ಉತ್ತರವಿಲ್ಲದೆ ಇರುವವಳಲ್ಲ. ಇದರ ಉತ್ತರ ಹುಡುಕಲು ಫೋನು ಕೈಗೆತ್ತಿಕೊಂಡಳು.

ತಾಯಿಯ ಹಾಸಿಗೆಯ ಪಕ್ಕ ಫೋನು ಹಿಡಿದು ಕೂರುತ್ತಿದ್ದ ಆ ತಿಂಗಳುಗಳಲ್ಲಿ ಅವಳು ಒಂದು ಗುಂಪಿಗೆ ಸೇರಿದ್ದಳು. ಒಬ್ಬರ ಮುಖ ಒಬ್ಬರು ಕಂಡಿಲ್ಲದ, ಬೇರೆ ಬೇರೆ ದೇಶಗಳ ಜನ ಅಂತರ್ಜಾಲದಲ್ಲಿ ಸೇರಿ ಹೊಸದಾಗಿ ಒಂದು ಭಾಷೆಯನ್ನು ಕಟ್ಟುತ್ತಿದ್ದರು. ಒಬ್ಬರು ಒಂದು ಪದ ತರುತ್ತಾರೆ, ಉಳಿದವರು ಇಂಗ್ಲಿಷಿನಲ್ಲಿ ಜಗಳವಾಡುತ್ತಾರೆ, ಆಮೇಲೆ ಕೈ ಎತ್ತುತ್ತಾರೆ. ಆದರೆ ಕೈ ಎತ್ತಿದ ಮಾತ್ರಕ್ಕೆ ಪದ ನಿಲ್ಲುವುದಿಲ್ಲ. ಅದಕ್ಕೆ ಮೂರು ತಿಂಗಳ ಗಡುವು. ಅಷ್ಟರೊಳಗೆ ಗುಂಪಿಗೆ ಸೇರದ ಒಬ್ಬರು ನಿಜವಾದ ಅಗತ್ಯಕ್ಕೆ ಆ ಪದವನ್ನು ಬಳಸಬೇಕು, ಕೇಳಿಸಿಕೊಂಡವರು ಅದರಂತೆ ನಡೆಯಬೇಕು, ಅದನ್ನು ಒಬ್ಬ ಸಾಕ್ಷಿ ಕಂಡು ಬರೆಯಬೇಕು. ಪದವನ್ನು ಮೊದಲೇ ಕಲಿಸಬಹುದು. ಆ ಗಳಿಗೆಯಲ್ಲಿ ಯಾರೂ ಹೇಳಿಕೊಡುವಂತಿಲ್ಲ.

"ರೀ, ಮೈಸೂರಿಗೆ ನಿಮ್ಮನ್ನೇ ಸಾಕ್ಷಿ ಮಾಡಿದಾರೆ," ಎಂದಳು ಒಂದು ದಿನ.

"ಸಂಬಳ?"

"ಕಾಫಿ."

"ಅದು ಈಗಲೂ ಬರ್ತಾ ಇದೆಯಲ್ಲ."

"ಒಪ್ಪದಿದ್ರೆ ನಿಲ್ಲುತ್ತೆ."

ಒಪ್ಪಿದೆ.

ಅತ್ತೆಯ ಮಾತು ಕೇಳಿದ ದಿನ ಅವಳು ಗುಂಪಿನಲ್ಲಿ ಬರೆದಳು: ನಮ್ಮಲ್ಲಿ 'ಏಳಬೇಡಿ' ಎಂಬುದನ್ನು ಸೌಜನ್ಯಕ್ಕೆ ಹೇಳಿ ಹೇಳಿ, ಸೌಜನ್ಯಕ್ಕೇ ಮೀರಿ ಮೀರಿ, ಅದಕ್ಕೆ ಯಾರನ್ನೂ ಕೂರಿಸುವ ಶಕ್ತಿ ಉಳಿದಿಲ್ಲ. ನಮ್ಮ ಹೊಸ ಭಾಷೆಗೆ ಇನ್ನೂ ಸೌಜನ್ಯ ಬಂದಿಲ್ಲ. ಅದು ಬರುವ ಮೊದಲೇ ನನಗೊಂದು ಪದ ಬೇಕು. 'ನಾನು ಬಂದೆ, ನೀವು ಕೂತೇ ಇರಿ' ಎಂದು ಅದರ ಅರ್ಥ. ಹೇಳಿದರೆ ಹೇಳಿದ್ದಷ್ಟೇ ಅರ್ಥವಾಗಿರಬೇಕು.

ಚಳಿದೇಶದ ಒಬ್ಬಾತನಿಗೆ ಇದು ತಿಳಿಯಲೇ ಇಲ್ಲ. "ನಮ್ಮಲ್ಲಿ ಏಳಬೇಡಿ ಎಂದರೆ ಯಾರೂ ಏಳುವುದಿಲ್ಲ. ಅನ್ನದಿದ್ದರೂ ಏಳುವುದಿಲ್ಲ," ಎಂದು ಬರೆದ. ದಕ್ಷಿಣ ಅಮೆರಿಕದ ಒಬ್ಬ ದಾದಿಗೆ ತಕ್ಷಣ ತಿಳಿಯಿತು. ದೂರದಿಂದ ಕೂಗಲು ಬರುವ, ಹಲ್ಲಿಲ್ಲದ ಬಾಯಿಗೂ ಒಗ್ಗುವ ಒಂದು ಪದವನ್ನು ಆಕೆಯೇ ಕೊಟ್ಟಳು: ನಿಯೋಲ.

ಕೆಲವರಿಗೆ ಅದು ಬೋಳಾಗಿ ಕಂಡಿತು. ಹಿರಿಯರಿಗೆ ಹೇಳುವಾಗ ಕೊನೆಗೆ ಗೌರವದ ಒಂದು ಪ್ರತ್ಯಯ ಸೇರಿಸೋಣ ಎಂದರು. ನನ್ನ ಹೆಂಡತಿ ಎರಡು ದಿನ ಹೊಡೆದಾಡಿದಳು. ನಾನು ಅವಳ ಫೋನನ್ನು ಇಣುಕಿ ನೋಡಿ, ಸೇರಿಸಿದರೆ ಏನು ನಷ್ಟ ಎಂದು ಕೇಳಿದೆ.

"ಮರ್ಯಾದೆ ಸೇರಿಸಿದ್ರೆ ಅಮ್ಮ ಎದ್ದುಬಿಡ್ತಾಳೆ ಕಣ್ರೀ," ಎಂದಳು. ಗುಂಪಿಗೂ ಅದನ್ನೇ ಬರೆದಳು. ಪದ ಬೋಳಾಗಿಯೇ ಉಳಿಯಿತು, ಕೈಗಳು ಎದ್ದವು, ಗಡುವು ಶುರುವಾಯಿತು.

ತಾಯಿಗೆ ಕಲಿಸಲು ಕೂತಳು.

"ಇದ್ಯಾವ ದೇಶದ ಮಾತವ್ವ?"

"ದೇಶ ಇನ್ನೂ ಇಲ್ಲಮ್ಮ. ಮಾತು ಮಾಡ್ತಾ ಇದೀವಿ."

"ಮನೆ ಕಟ್ಟಕ್ಕೆ ಮುಂಚೆ ಗೃಹಪ್ರವೇಶವಾ?" ಎಂದರು ಅತ್ತೆ. "ಅಲ್ಲಿ, ಹಿರೇರು ಬಂದಾಗ ಕುಂತಿದ್ರೆ ಬಯ್ಯಕ್ಕಿಲ್ವಾ?"

"ಇದನ್ನ ಹೇಳಿದ ಮೇಲೂ ಎದ್ರೆ ಬಯ್ತಾರೆ."

ಅತ್ತೆ ಹೂಂ ಎಂದರು. ಒಪ್ಪಿದ ಹೂಂ ಎಂದು ನಾನು ಹೇಳಲಾರೆ.

ಬೀದಿಯವರಿಗೂ ಅವಳೇ ಹೇಳಿಬಂದಳು. ಎದುರು ಮನೆಯವರು ಕೇಳಿಸಿಕೊಂಡು ತಲೆಯಾಡಿಸಿದರು, ಬರಲಿಲ್ಲ. ಬಂದವರಿಗೆ ಅದನ್ನು ಬರಿದಾಗಿ ಹೇಳಲು ಧೈರ್ಯ ಬರಲಿಲ್ಲ. ಕೆಸರೆಯಿಂದ ಬರುವ ಹೂವಿನಾಕೆ "ನಿಯೋಲ ಅಜ್ಜಿ, ಏಳ್ಬ್ಯಾಡಿ ಕಣಜ್ಜಿ, ಕುಂತ್ಕಳಿ" ಎಂದಳು. ಕನ್ನಡ ಕಿವಿಗೆ ಬಿದ್ದದ್ದೇ ತಡ, ಅತ್ತೆಯ ಕೈ ಕುರ್ಚಿಯ ತೋಳಿಗೆ ಹೋಯಿತು. ನಾವಿಬ್ಬರೂ ಓಡಿ ಹಿಡಿದೆವು.

"ಬರೀ ನಿಯೋಲ ಅನ್ನೇ," ಎಂದಳು ನನ್ನ ಹೆಂಡತಿ.

"ಎಂಗಕ್ಕ ಅನ್ನೋದು? ನಾಯಿಗೆ ಕುಂತ್ಕೋ ಅಂದಂಗಾಯ್ತದೆ."

ಹೀಗೆ ಗಡುವು ಕಳೆಯುತ್ತ ಬಂತು. ಕೊನೆಯ ವಾರ ಉಳಿದಾಗ ಅವಳು, "ಎದುರು ಮನೆಯವರಿಗೆ ಇನ್ನೊಂದ್ಸಲ ಹೇಳಿ ಕರ್ಕೊಂಡ್ ಬನ್ನಿ," ಎಂದಳು. ಸಾಕ್ಷಿಯಾದವನು ಕರೆತಂದು ಆಡಿಸುವ ಹಾಗಿಲ್ಲ ಎಂದೆ. "ಇದೇನು ಕೊಲೆ ಕೇಸಾ?" ಎಂದಳು. ಗಡುವು ಮುಗಿದರೂ ಮನೆಯಲ್ಲಿ ನಾವು ಬಳಸುತ್ತಲೇ ಇರಬಹುದಲ್ಲ ಎಂದೆ. ಅವಳು ಇಲ್ಲವೆಂದು ತಲೆಯಾಡಿಸಿದಳು.

"ಎಲ್ಲೋ ಒಂದ್ಕಡೆ ಇದೊಂದು ಕಾನೂನು ಇದೆ ಅಂತ ಅಮ್ಮ ಅರ್ಧ ನಂಬಿದಾಳೆ. ಆ ಪದ ಬಿದ್ದುಹೋಯ್ತು ಅಂತ ನಾನು ಹೇಳ್ಬೇಕು, ಸುಳ್ಳು ಹೇಳೋಕಾಗಲ್ಲ. ಆಮೇಲೆ ಆ ವರಾಂಡಕ್ಕೆ ಯಾರೂ ಬರಲ್ಲ ಕಣ್ರೀ."

ಆದರೂ ನಾನು ಕರೆಯಲು ಹೋಗಲಿಲ್ಲ.

ಈಗ ಆ ಭಾನುವಾರ. ಹೂವಿನಾಕೆ ಗೇಟಿನ ಬಳಿ ಕಾಂಪೌಂಡಿನ ಮೇಲೆ ಬುಟ್ಟಿಯಿಟ್ಟು ಸೇವಂತಿಗೆ ಅಳೆಯುತ್ತಿದ್ದಳು. ಹೆಂಡತಿ ಅಡುಗೆಮನೆಯಲ್ಲಿದ್ದಳು. ಎದುರು ಮನೆಯವರು ಬಿಳಿ ಅಂಗಿಯಲ್ಲಿ ಚರ್ಚಿನಿಂದ ಬಂದರು. ತಮ್ಮ ಗೇಟಿಗೆ ಕೈ ಹಾಕಿದರು, ತೆಗೆಯಲಿಲ್ಲ. ರಸ್ತೆ ದಾಟಿ ಬಂದು ನಮ್ಮ ಗೇಟಿನ ಹೊರಗೆ ನಿಂತರು. ಅತ್ತೆ ಅವರನ್ನು ಕಂಡರು. ಹಾಗೆಂದು ನಾನು ಹೇಳುವುದು ಕೈಗಳಿಂದ: ಎರಡೂ ಕೈಗಳು ಕುರ್ಚಿಯ ತೋಳುಗಳನ್ನು ಗಟ್ಟಿಯಾಗಿ ಹಿಡಿದವು, ಬೆನ್ನು ಮುಂದಕ್ಕೆ ಬಾಗಿತು. ನಾನು ಒಂದು ಕಾಲನ್ನು ಹೊಸ್ತಿಲ ಆಚೆ ಇಟ್ಟೆ.

ಎದುರು ಮನೆಯವರು ಬಾಯಿ ತೆರೆದು ಮುಚ್ಚಿದರು. ಆಮೇಲೆ ರೈಲ್ವೆ ಪ್ಲಾಟ್‌ಫಾರ್ಮಿನ ಆ ತುದಿಗೂ ಕೇಳಿಸುವಂತೆ ಹೇಳಿದರು: "ನಿಯೋಲ."

ಅಷ್ಟೇ. ಅಮ್ಮ ಎನ್ನಲಿಲ್ಲ, ದಯವಿಟ್ಟು ಎನ್ನಲಿಲ್ಲ, ಪರವಾಗಿಲ್ಲ ಎನ್ನಲಿಲ್ಲ. ಹೂವಿನಾಕೆ ಮೊಳ ಹಾಕುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿ ತಿರುಗಿ ನೋಡಿದಳು.

ಅತ್ತೆಯ ಬೆರಳುಗಳು ಸಡಿಲವಾದವು. ಮೊದಲು ಎಡಗೈ, ಆಮೇಲೆ ಬಲಗೈ ತೊಡೆಯ ಮೇಲೆ ಬಂದವು. ಬೆನ್ನು ಬೆತ್ತಕ್ಕೆ ತಾಗಿ ಕುರ್ಚಿ ಕಿರ್ ಎಂದಿತು. ಎದುರು ಮನೆಯವರು ಗೇಟು ತೆಗೆದರು, ಮೆಟ್ಟಿಲು ಹತ್ತಿದರು, ಎದುರಿಗೇ ಬಂದು ನಿಂತರು. ಅತ್ತೆ ಏಳಲಿಲ್ಲ.

ಮುಂದೇನು ಮಾಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲವೆಂದು ತೋರುತ್ತದೆ. ಇದು ನನ್ನ ಊಹೆ.

"ಏನಪ್ಪ," ಎಂದರು ಅತ್ತೆ, "ಸೋಲ್ತೀನಿ ಅಂತ ಇಷ್ಟು ದಿನ ತಪ್ಪಿಸ್ಕೊಂಡ್‌ಬುಟ್ಟಿದ್ಯಾ?"

"ಹೌದಮ್ಮ. ನಿಮ್ಮ ಗರ ನೆನೆಸ್ಕೊಂಡ್ರೆ ಈಗಲೂ ಹೆದರಿಕೆ."

"ನನ್ನ ಗರಕ್ಕೇನಾಗಿದೆ? ನೀನು ಕಾಯಿ ನಡೆಸೋದ್ರಲ್ಲೇ ಐತೆ ಕಳ್ಳತನ. ಕುಂತ್ಕೋ."

ಸ್ಟೂಲು ಬಂತು, ಕವಡೆ ಬಂತು. ಅವರ ದನಿ ಕೇಳಿ ಹೆಂಡತಿ ಎರಡು ಲೋಟ ಕಾಫಿ ಹಿಡಿದು ಹೊರಗೆ ಬಂದಳು. ಎದುರು ಮನೆಯವರು ಲೋಟ ತೆಗೆದುಕೊಳ್ಳಲು ಮರ್ಯಾದೆಗೆ ಎದ್ದರು, ಅರ್ಧ ಎದ್ದರು. ಅತ್ತೆ ಕವಡೆ ಕುಲುಕುತ್ತಿದ್ದವರು ತಲೆಯನ್ನೂ ಎತ್ತದೆ, "ನಿಯೋಲ," ಎಂದರು.

ಅವರು ಕೂತರು. ಕೂತ ಮೇಲೆ ಜೋರಾಗಿ ನಕ್ಕರು. ಅತ್ತೆ ಗರ ಬಿಟ್ಟರು.

ಹೆಂಡತಿ ಲೋಟ ಹಿಡಿದು ನಿಂತೇ ಇದ್ದಳು, ನನ್ನನ್ನೇ ನೋಡುತ್ತಿದ್ದಳು. ಅವಳ ಮುಖ ನನಗೆ ಚೆನ್ನಾಗಿ ಕಾಣುತ್ತಿತ್ತು. ಮದುವೆಯಾದ ಹೊಸದರಲ್ಲಿ ನೋಡಿದ್ದ ಮುಖ ಅದು. "ಕೇಳಿಸ್ತಾ?" ಎಂದಳು. ಕೇಳಿಸಿತು ಎಂದೆ. ಅಷ್ಟು ವರ್ಷ ನಾನು ಬೆರಳಚ್ಚು ಮಾಡಿದ್ದು, ಹೇಳಿದರೂ ಯಾರೂ ನಂಬದ ಮಾತುಗಳನ್ನು. ಪ್ರತಿ ವಾಕ್ಯದ ಹಿಂದೆಯೂ ಬೇರೇನೋ ಇದೆಯೆಂದು ಎರಡೂ ಕಡೆಯವರು ಹುಡುಕುತ್ತಿದ್ದರು. ಇಲ್ಲಿ ಒಬ್ಬರು ಒಂದು ಸಲ ಹೇಳಿದರು, ಇನ್ನೊಬ್ಬರು ನಂಬಿ ಕೂತರು. ಆ ದಿನದ ಹೇಳಿಕೆಯನ್ನು ಫೋನಿನಲ್ಲಿ ಒತ್ತುವಾಗ ಮಾಡಿದಷ್ಟು ತಪ್ಪುಗಳನ್ನು ನಾನು ಕೆಲಸಕ್ಕೆ ಸೇರಿದ ಮೊದಲ ದಿನವೂ ಮಾಡಿರಲಿಲ್ಲ.

ಗುಂಪು ಹೇಳಿಕೆಯನ್ನು ಒಪ್ಪಿತು, ಪದ ನಿಂತಿತು. ತನ್ನ ಆಸ್ಪತ್ರೆಯ ವಾರ್ಡಿನಲ್ಲಿ ಎಲ್ಲರಿಗೂ ಕಲಿಸಿದ್ದಾಗಿ ದಾದಿ ಬರೆದಳು. "ನಮ್ಮಪ್ಪನಿಗೆ ಹೇಳಿಬಂದೆ. ಅವನು ಹೇಗೂ ಏಳುವವನಲ್ಲ, ಆದರೂ ಹೇಳಿದೆ, ಚೆನ್ನಾಗಿತ್ತು," ಎಂದು ಚಳಿದೇಶದವನು ಬರೆದ. ಇಲ್ಲಿ ವರಾಂಡದಲ್ಲಿ ಈಗ ಭಾನುವಾರವಷ್ಟೇ ಅಲ್ಲ, ದಿನವೂ ಜನ. ಹೂವಿನಾಕೆ ಬೀದಿಯ ಆ ಕೊನೆಯಿಂದಲೇ ನಿಯೋಲ ಎಂದು ಕೂಗಿಕೊಂಡು ಬರುತ್ತಾಳೆ; ಅದು ಹೂವಿನ ಹೆಸರೇ ಇರಬೇಕೆಂದು ಪಕ್ಕದ ಬೀದಿಯವರು ಒಂದು ಮೊಳ ಕೇಳಿದರಂತೆ.

ನಾನಲ್ಲದೆ ಇದನ್ನು ಕಂಡವರು ಇವರು: ಹೂವಿನಾಕೆ, ಗೇಟಿನ ಬಳಿಯಿಂದ, ಮೊದಲ ನಿಯೋಲವನ್ನು. ನನ್ನ ಹೆಂಡತಿ, ವರಾಂಡದಲ್ಲಿ ನಿಂತು, ಎರಡನೆಯದನ್ನು ಮಾತ್ರ. ಎದುರು ಮನೆಯವರು, ಎರಡನ್ನೂ. ಎಲ್ಲರೂ ಬದುಕಿದ್ದಾರೆ, ಕೇಳಿದರೆ ಹೇಳುತ್ತಾರೆ. ಇದನ್ನು ಓದಿ ಹೇಳಿದಾಗ ಅತ್ತೆ, "ನನ್ನ ಯಾಕೆ ಬುಟ್ಬುಟ್ರಿ?" ಎಂದು ಕೇಳಿದರು. ಅವರೂ ಕಂಡಿದ್ದಾರೆ. ಅವರೂ ಇದ್ದಾರೆ, ಕೂತಿದ್ದಾರೆ.