ಖಾಲಿ ಸ್ಟ್ರಿಪ್

ದೇವದುರ್ಗದ ನಮ್ಮ ಮನೆಗೆ ಅವ್ವನ ಕಾಲಿಗೆ ಪಟ್ಟಿ ಕಟ್ಟಲು ಬರುತ್ತಿದ್ದ ನರ್ಸಮ್ಮ ಮೊದಲು ಮೊಣಕೈತನಕ ಕೈ ತೊಳೆಯುತ್ತಿದ್ದರು. ಬಿಚ್ಚಿದ ಪಟ್ಟಿಯನ್ನು ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದರು. ಅವರ ಹುಬ್ಬು ಸಡಿಲಾದ ದಿನ ನಾವು ಹೊಟ್ಟೆತುಂಬ ಉಣ್ಣುತ್ತಿದ್ದೆವು. ಗುಳಿಗೆ ನುಂಗಿದ್ದಕ್ಕೆ ಗುರುತು ಬೇಕೆಂದು ಹೊರಡುವಾಗ ತಪ್ಪದ ಮಾತೊಂದು: "ಖಾಲಿ ಸ್ಟ್ರಿಪ್ ತೋರಸ್ರಿ."

ನಮ್ಮ ಓಣಿಯಲ್ಲಿ ಉಳಿದ ಗುಳಿಗೆಗಳು ಮೊಸರಿನ ಹೆಪ್ಪಿನಂತೆ ಮನೆಯಿಂದ ಮನೆಗೆ ಹೋಗುತ್ತಿದ್ದವು. ಜ್ವರ ಇಳಿದ ಕೂಡಲೇ ಅವ್ವ ಗುಳಿಗೆ ನಿಲ್ಲಿಸಿ, ಉಳಿದವನ್ನು ಸಾಸಿವೆ ಡಬ್ಬಿಯಲ್ಲಿ ಇಡುತ್ತಿದ್ದಳು. ಅವಳ ಕಾಲಿನ ಹುಣ್ಣು ಎಂದಿನ ಔಷಧಿಗೆ ಬಗ್ಗುವುದಿಲ್ಲವೆಂದು ರಾಯಚೂರಿನಲ್ಲಿ ಕೀವು ಪರೀಕ್ಷೆ ಮಾಡಿಸಿದಾಗ ತಿಳಿಯಿತು. ಡಾಕ್ಟರು ಎರಡು ಔಷಧಿ ಕೂಡಿಸಿ ಕೊಟ್ಟರು. ಸತ್ತ ಚರ್ಮ ತೆಗೆದು, ಗಾಯಕ್ಕೆಂದೇ ಶುದ್ಧಮಾಡಿದ ಆಸ್ಪತ್ರೆಯ ಜೇನು ಸವರಿ ಕಟ್ಟುವುದು ನರ್ಸಮ್ಮನ ಪಾಲಿಗೆ ಬಂತು.

ಬಾವು ಇಳಿಯುತ್ತಿದ್ದಂತೆ ಅವ್ವ ಹಳೆಯ ಚಾಳಿಗೆ ಬಿದ್ದಳು. ಒಂದು ದಿನ ಅವಳು ಕೊಟ್ಟ ಖಾಲಿ ಸ್ಟ್ರಿಪ್ ನೋಡಿದ ನರ್ಸಮ್ಮ ನೆಟ್ಟಗೆ ಅಡುಗೆಮನೆಗೆ ಹೋಗಿ, ಸಾಸಿವೆ ಡಬ್ಬಿಗೆ ಕೈ ಹಾಕಿದರು. ನಾಲ್ಕು ಗುಳಿಗೆ ಸಿಕ್ಕವು.

"ಇವು ನಿಮ್ಮ ಕಾಲಿಗಿ ಕೊಟ್ಟವ್ರೀ ಯವ್ವಾ, ಓಣಿಗಲ್ಲ."

"ಅಲ್ಲಿ ಅದಾವಂತ ನಿನಗ ಹೆಂಗ ಗೊತ್ತಾತು?" ಅವ್ವ ಕೇಳಿದಳು.

"ನಮ್ಮವ್ವನೂ ಸಾಸಿವ್ಯಾಗ ಇಡ್ತಿದ್ಲು," ಎಂದು ಅವರು ಸೆರಗಿನಿಂದ ಗುಳಿಗೆ ಒರೆಸುತ್ತ ಕೂತರು.

ಅವ್ವನ ಕಾಲು ಉಳಿಯಿತು. ನರ್ಸಮ್ಮನಿಗೆ ಮಾನ್ವಿಗೆ ವರ್ಗವಾಯಿತು. ಮೊನ್ನೆ ಡಾಕ್ಟರು ನನಗೆ ಬರೆದ ಗುಳಿಗೆಗಳನ್ನು ಕೊನೆಯದರವರೆಗೂ ನುಂಗಿ, ಸ್ಟ್ರಿಪ್ ಎಸೆಯಲು ಹೋದೆ. ಅವ್ವ ಅದನ್ನು ಕಸಿದು ಕಿಟಕಿಯಲ್ಲಿ ಇಟ್ಟಳು.

"ಇರ್ಲಿ ಬಿಡು. ಆಕಿ ಬಂದು ಕೇಳಿದ್ರ ಏನ್ ತೋರ್ಸೋದು?"