ಮುಖವಿಲ್ಲದ ಫ್ಲೆಕ್ಸ್

ಕಳೆದ ವರ್ಷ ಜೂನ್ ತಿಂಗಳ ಕೊನೆಯ ವಾರ. ಅಕ್ಕನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗಿ, ಬೆಂಗಳೂರಿನ ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು. ಅವಳನ್ನು ಶಿಡ್ಲಘಟ್ಟಕ್ಕೆ ಕರೆತಂದು, ಎರಡು ದಿನ ಜೊತೆಗಿದ್ದು ಬರೋಣವೆಂದು ನಾನು ರಜೆ ಹಾಕಿದ್ದೆ. ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ, ಊರೂರಿನ ವರದಿಗಾರರು ಕಳಿಸಿದ ಸುದ್ದಿಯನ್ನು ತಿದ್ದುವ ಕೆಲಸದಲ್ಲಿದ್ದೇನೆ. ಅಕ್ಕ ಮುನಿರತ್ನಮ್ಮ ಬಾರ್ ನಡೆಸುತ್ತಾಳೆ.

ಭಾವ ತೀರಿಕೊಂಡ ಮೇಲೆ ಬಾರಿನ ಲೈಸೆನ್ಸ್ ಅವಳ ಹೆಸರಿಗೆ ವರ್ಗವಾಯಿತು. ಹೆಂಗಸು ಬಾರ್ ನಡೆಸುವುದುಂಟೇ, ಯಾರಿಗಾದರೂ ಗುತ್ತಿಗೆಗೆ ಕೊಟ್ಟು ಮನೆಯಲ್ಲಿರು ಎಂದವರೇ ಹೆಚ್ಚು. ‘ಲೈಸೆನ್ಸ್ ನನ್ನ ಹೆಸರಲ್ಲಿ, ಗಲ್ಲಾದಲ್ಲಿ ಇನ್ನೊಬ್ಬ ಕೂರೋದು ಅಂದ್ರೆ ಅದು ಕಾನೂನಲ್ಲಿ ಇಲ್ಲ’ ಎಂದು ಹೇಳಿ ತಾನೇ ಗಲ್ಲಾದಲ್ಲಿ ಕೂತಳು. ದರಪಟ್ಟಿಯನ್ನು ಬಾಗಿಲಿಗೆ ಎದುರಾಗಿ ಹಾಕಿಸಿದಳು. ಇಪ್ಪತ್ತೊಂದು ತುಂಬದವರಿಗೆ ಅಲ್ಲಿ ಏನೂ ಸಿಗದು. ಮೀಸೆ ನೋಡಿ ನಂಬುವವಳಲ್ಲ, ಆಧಾರ್ ಕೇಳುತ್ತಾಳೆ. ಮಾತು ತೊದಲಿದವರಿಗೆ ಇನ್ನೊಂದು ಪೆಗ್ ಬರುವುದಿಲ್ಲ, ಅನ್ನ ಸಾರು ಬರುತ್ತದೆ. ಯಾರಾದರೂ ಜಗಳಕ್ಕೆ ನಿಂತರೆ ಅವಳದು ಒಂದೇ ಉತ್ತರ: ‘ನೀನು ಬೈದಿದ್ದು ಬೆಳಿಗ್ಗೆ ಮರೀತೀಯಪ್ಪ. ಲೈಸೆನ್ಸ್ ಹೋದ್ರೆ ಸರ್ಕಾರ ಮರೆಯಲ್ಲ.’

ಆ ಲೈಸೆನ್ಸ್ ಪ್ರತಿವರ್ಷ ಜೂನ್ ಕೊನೆಗೆ ಮುಗಿಯುತ್ತದೆ, ಅಷ್ಟರೊಳಗೆ ನವೀಕರಣ ಆಗಬೇಕು. ಅಕ್ಕನ ಮಗಳ ಕಾಲೇಜು, ಅಡುಗೆಯವರು, ಸಪ್ಲೈಯರುಗಳು, ಅವರ ಮನೆಗಳು, ಎಲ್ಲವೂ ಆ ಒಂದು ಕಾಗದದ ಮೇಲೆ ನಿಂತಿದ್ದವು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿಕೊಂಡೇ ಅವಳು ಮ್ಯಾನೇಜರನಿಗೆ ಫೋನ್ ಮಾಡಿ, ‘ಅಬಕಾರಿಯವರು ಬರೋ ಹೊತ್ತು, ಎಲ್ಲಾ ಸರಿಯಾಗಿಟ್ಕೊಳಪ್ಪ’ ಎನ್ನುತ್ತಿದ್ದಳು.

ಕಾರು ಬಾರಿನ ರಸ್ತೆಗೆ ತಿರುಗಿತು. ಹಿಂದಿನ ಸೀಟಿನಲ್ಲಿ ಒರಗಿದ್ದ ಅಕ್ಕ ಎದ್ದು ಕೂತು, ‘ನಿಲ್ಸಪ್ಪ, ನಿಲ್ಸು’ ಎಂದಳು.

ಬಾರಿನ ಎದುರಿನ ಎರಡು ಕಂಬಗಳ ನಡುವೆ ದೊಡ್ಡ ಫ್ಲೆಕ್ಸ್ ಕಟ್ಟಿತ್ತು. ನಡುವೆ ಅಕ್ಕನ ನಗುಮುಖ. ನಾಲ್ಕು ಮೂಲೆಯಲ್ಲಿ ನೊರೆ ಉಕ್ಕುತ್ತಿರುವ ಬಿಯರ್ ಮಗ್ಗುಗಳು. ಮೇಲೆ, ‘ನಮ್ಮ ನೆಚ್ಚಿನ ರತ್ನಕ್ಕನವರಿಗೆ ಹೃತ್ಪೂರ್ವಕ ಸ್ವಾಗತ’ ಎಂದಿತ್ತು, ಅದರಡಿ ಬಾರಿನ ಹೆಸರು. ಕೆಳಗೆ ಕೆಂಪು ಅಕ್ಷರದಲ್ಲಿ, ‘ಅಕ್ಕ ಬಂದ ಖುಷಿಗೆ ಇಂದು ಕ್ವಾರ್ಟರ್‌ಗೆ ಒಂದು ಬೇಯಿಸಿದ ಮೊಟ್ಟೆ ಫ್ರೀ.’

ನಮ್ಮ ಕಡೆ ಮಗುವಿನ ನಾಮಕರಣದ ಫ್ಲೆಕ್ಸಿನಲ್ಲೂ ಮುಖಂಡರಿಂದ ಹಿಡಿದು ಹಗ್ಗ ಕಟ್ಟಿದವನವರೆಗೆ ಸಾಲುಸಾಲು ಮುಖಗಳಿರುತ್ತವೆ. ಇದರಲ್ಲಿ ಅಕ್ಕನದು ಬಿಟ್ಟರೆ ಇನ್ನೊಂದು ಮುಖವಿರಲಿಲ್ಲ. ಶುಭ ಕೋರುವವರ ಜಾಗದಲ್ಲಿ ‘ಹಿತೈಷಿಗಳು’ ಎಂದಷ್ಟೇ ಇತ್ತು.

ಅಕ್ಕ ಹೊಲಿಗೆ ಹಾಕಿದ ಕಡೆ ಕೈಯೊತ್ತಿಕೊಂಡು ನಕ್ಕಳು. ನಗುತ್ತಿದ್ದವಳು ತಟ್ಟನೆ ನಿಲ್ಲಿಸಿದಳು. ‘ಅಯ್ಯೋ, ಇದು ಮದ್ಯದ ಜಾಹೀರಾತು ಆಯ್ತಲ್ಲೇ. ಮೊದ್ಲು ಇಳಿಸ್ಬೇಕು.’

ಆದರೆ ಬಾರಿನ ಮುಂದೆ ಆಗಲೇ ಅಬಕಾರಿ ಇಲಾಖೆಯ ಜೀಪು ನಿಂತಿತ್ತು.

ಇನ್‌ಸ್ಪೆಕ್ಟರ್ ಹೆಣ್ಣುಮಗಳು, ನನ್ನ ವಯಸ್ಸಿನವರು. ಅಕ್ಕನನ್ನು ಕಂಡ ಕೂಡಲೇ ಎದ್ದು ಕುರ್ಚಿ ಕೊಟ್ಟು ಆರೋಗ್ಯ ವಿಚಾರಿಸಿದರು. ಆಮೇಲೆ ತಮ್ಮ ಫೋನ್ ತೋರಿಸಿದರು. ಯಾರೋ ಬೆಳಿಗ್ಗೆಯೇ ಫ್ಲೆಕ್ಸಿನ ಫೋಟೋ ತೆಗೆದು ಕಳಿಸಿದ್ದರು.

‘ಇದೇನು ರತ್ನಮ್ಮನವ್ರೇ? ನಿಮ್ಮಿಂದ ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ.’

‘ನಾನು ಹಾಕ್ಸಿಲ್ಲ ಮೇಡಂ. ನಾನೂ ಈಗ್ಲೇ ನೋಡ್ತಿರೋದು.’

‘ಮತ್ತೆ ಯಾರು ಹಾಕ್ಸಿದ್ದು?’

‘ಯಾರಿರಬಹುದು ಅಂತ ಗೊತ್ತು ಮೇಡಂ. ಹೇಳಲ್ಲ.’

ಇನ್‌ಸ್ಪೆಕ್ಟರ್ ಸಿಟ್ಟಾಗಲಿಲ್ಲ. ನಿಧಾನವಾಗಿ ವಿವರಿಸಿದರು. ‘ನೋಡಿ, ನಿಮ್ಮ ಬಾರಿನ ಹೆಸರಿದೆ, ನಿಮ್ಮ ಫೋಟೋ ಇದೆ, ಫ್ರೀ ಅಂತಾನೂ ಇದೆ. ಬೇರೆ ಒಬ್ಬರ ಹೆಸರೂ ಇಲ್ಲ. ಹಾಕ್ದೋರು ಯಾರು ಅಂತ ಗೊತ್ತಾಗದಿದ್ರೆ ನೀವೇ ಹಾಕ್ಸಿದ್ದು ಅಂತ ನಾನು ಬರೀಬೇಕಾಗುತ್ತೆ. ರಿನೀವಲ್ ಹೊತ್ತಲ್ಲಿ ಅದು ಫೈಲಿಗೆ ಬಿದ್ರೆ ಮುಂದಿನದು ನನ್ನ ಕೈಲಿ ಇರಲ್ಲ.’

‘ಬರ್ಕೊಳ್ಳಿ ಮೇಡಂ.’

‘ಸ್ಟಾಕ್ ನೋಡಿ ಮುಗಿಸ್ತೀನಿ. ಅಷ್ಟರಲ್ಲಿ ಯೋಚ್ನೆ ಮಾಡಿ’ ಎಂದು ಅವರು ಗೋಡೌನಿನ ಕಡೆ ನಡೆದರು.

ನಾನು ಅಕ್ಕನನ್ನು ಅಡುಗೆಮನೆಗೆ ಕರೆದೊಯ್ದೆ. ‘ನಿಂಗೇನು ಹುಚ್ಚಾ? ಒಂದು ಹೆಸರು ಹೇಳಿದ್ರೆ ಮುಗೀತಲ್ಲ.’

‘ನಮ್ಮಲ್ಲಿಗೆ ಬರೋರಲ್ಲಿ ಅರ್ಧಕ್ಕರ್ಧ ಜನ ಪಕ್ಕದ ಸಂದಿಯಿಂದ ಬರ್ತಾರೆ ಕಣೇ, ಮುಂದಿನ ಬಾಗಿಲಿಂದ ಅಲ್ಲ. ಇಲ್ಲಿಂದ ಮಾತು ಆಚೆ ಹೋಗಲ್ಲ ಅನ್ನೋ ನಂಬಿಕೆ ಮೇಲೆ ಕೂತಿರ್ತಾರೆ. ಮೇಷ್ಟ್ರು ವರ್ಷಾವರ್ಷ ಗಾಂಧಿ ಜಯಂತಿ ದಿನ ಸ್ಕೂಲಲ್ಲಿ ಕುಡಿತದ ಕೆಡುಕಿನ ಮೇಲೆ ಭಾಷಣ ಮಾಡ್ತಾರೆ. ಅವರ ಹೆಸರು ನಾನು ಹೇಳ್ಲಾ?’

‘ಅಂದ್ರೆ ರಾಮಕೃಷ್ಣಪ್ಪ ಮೇಷ್ಟ್ರಾ?’

ಅಕ್ಕ ಸಾರಿನ ಪಾತ್ರೆಯ ಮುಚ್ಚಳ ತೆಗೆದು ನೋಡತೊಡಗಿದಳು. ರಾಮಕೃಷ್ಣಪ್ಪನವರು ಹೈಸ್ಕೂಲಿನಿಂದ ನಿವೃತ್ತರಾದವರು. ಊರಿನಲ್ಲಿ ಬರೀ ಮೇಷ್ಟ್ರು ಎಂದರೆ ಅವರೇ.

ಅಕ್ಕನ ಮಾತು ನನಗೆ ಒಪ್ಪಿಗೆಯಾಗಲಿಲ್ಲ, ಆದರೆ ಅವಳ ಬಾಯಿಂದ ಹೆಸರು ಬರುವುದಿಲ್ಲ ಎನ್ನುವುದು ಖಾತ್ರಿಯಾಯಿತು. ಫ್ಲೆಕ್ಸಿನಲ್ಲಿದ್ದ ಅಕ್ಕನ ಫೋಟೋ ಅವಳ ಮಗಳು ದೊಡ್ಡವಳಾದಾಗ ಮಾಡಿದ ಆರತಿಯ ಫ್ಲೆಕ್ಸಿಗೆಂದು ತೆಗೆಸಿದ್ದು. ಅದು ಇದ್ದದ್ದು ಬಸ್ ನಿಲ್ದಾಣದ ಹತ್ತಿರದ ಸಾದಿಕ್ ಅವರ ಅಂಗಡಿಯ ಕಂಪ್ಯೂಟರಿನಲ್ಲಿ. ಸಾದಿಕ್ ಭಾವನ ಗೆಳೆಯ, ಕುಡಿಯುವವರಲ್ಲ. ಬಾರಿನ ದರಪಟ್ಟಿಯನ್ನು ಪ್ರಿಂಟ್ ಮಾಡಿದ್ದೂ ಅವರೇ. ನಾನು ಅಲ್ಲಿಗೆ ನಡೆದೆ.

ನನ್ನನ್ನು ನೋಡಿ ಅವರು ಮೌಸ್ ಬಿಟ್ಟು ಎದ್ದು ನಿಂತರು. ‘ಹೆಸರು ಕೇಳ್ಬೇಡಿ ಮೇಡಂ, ಹೇಳಲ್ಲ ಅಂತ ಮಾತು ಕೊಟ್ಟಿದೀನಿ. ಮಗ್ಗು ಬೇಡ, ಗುಲಾಬಿ ಹಾಕೋಣ ಅಂತ ನಾನು ಹೇಳ್ದೆ. ಬಾರಿಗೆ ಗುಲಾಬಿ ಯಾಕೆ, ಮಗ್ಗೇ ಹಾಕು ಅಂದ್ರು.’

‘ಹೆಸರು ಬೇಡ ಸಾದಿಕ್ ಭಾಯ್. ಅಕ್ಕನ ಲೈಸೆನ್ಸಿಗೆ ಕುತ್ತು ಬಂದಿದೆ, ಅಕ್ಕ ಯಾರ ಹೆಸರೂ ಹೇಳ್ತಿಲ್ಲ ಅಂತ ಮಾತ್ರ ಅವರಿಗೆ ತಿಳಿಸಿ.’

ಅವರ ಮುಖ ಸಪ್ಪಗಾಯಿತು. ಫೋನ್ ತೆಗೆದುಕೊಂಡು ಅಂಗಡಿಯಿಂದ ಆಚೆ ಹೋದರು. ಏನು ಮಾತಾಡಿದರೆಂದು ನಾನು ಕೇಳಿಸಿಕೊಳ್ಳಲಿಲ್ಲ.

ವಾಪಸು ಬಂದಾಗ ಇನ್‌ಸ್ಪೆಕ್ಟರ್ ಲೆಕ್ಕ ಮುಗಿಸಿ, ಮೇಜಿನ ಮೇಲೆ ಹಾಳೆ ಹರಡಿಕೊಂಡಿದ್ದರು. ಎದುರಿನ ಬೇಕರಿಯಲ್ಲಿ ಟೀ ಕುಡಿಯುತ್ತಿದ್ದವರೆಲ್ಲ ಜೀಪನ್ನೂ ಬಾರನ್ನೂ ನೋಡುತ್ತ ನಿಂತಿದ್ದರು. ಅವರೆಲ್ಲರ ಮುಂದೆಯೇ ರಸ್ತೆ ದಾಟಿಕೊಂಡು ಮೇಷ್ಟ್ರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಕೊಡೆ. ಮುಂದಿನ ಬಾಗಿಲನ್ನು ತಳ್ಳಿದರು. ಅದು ತೆರೆಯಲಿಲ್ಲ. ಮತ್ತೆ ತಳ್ಳಿದರು. ಇಷ್ಟು ವರ್ಷ ಬರುತ್ತಿದ್ದ ಮನುಷ್ಯನಿಗೆ ಆ ಬಾಗಿಲನ್ನು ಎಳೆಯಬೇಕು ಎಂಬುದು ಗೊತ್ತಿರಲಿಲ್ಲ. ನಾನೇ ಹೋಗಿ ತೆರೆದೆ.

‘ಮೇಡಂ, ಆ ಫ್ಲೆಕ್ಸ್ ಹಾಕ್ಸಿದ್ದು ನಾನು. ರತ್ನಮ್ಮನಿಗೆ ಏನೂ ಗೊತ್ತಿರ್ಲಿಲ್ಲ. ಎಲ್ಲಿ ಸಹಿ ಮಾಡ್ಬೇಕು ಹೇಳಿ.’

‘ನೀವು ಯಾರು?’

‘ರಾಮಕೃಷ್ಣಪ್ಪ. ಹೈಸ್ಕೂಲಲ್ಲಿ ಮೇಷ್ಟ್ರಾಗಿದ್ದೆ. ಇಲ್ಲಿಗೆ ದಿನಾ ಬರ್ತೀನಿ.’

ಕೊನೆಯ ಮಾತನ್ನು ಹೇಳಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಬೇಕರಿಯವರೆಗೂ ಕೇಳುವ ದನಿಯಲ್ಲಿ, ತರಗತಿಯಲ್ಲಿ ಹಾಜರಿ ಕೂಗುವ ಹಾಗೆ ಹೇಳಿದರು.

ಅಕ್ಕನಿಗೆ ತಡೆಯಲಾಗಲಿಲ್ಲ. ‘ದಿನಾ ಏನಿಲ್ಲ ಮೇಡಂ. ಶನಿವಾರ ಬರಲ್ಲ.’

ಅಷ್ಟರಲ್ಲಿ ಹೊರಗೆ ಟೆಂಪೋ ನಿಂತ ಸದ್ದಾಯಿತು. ಗೂಡಿನ ಮಾರುಕಟ್ಟೆಗೆ ರೇಷ್ಮೆಗೂಡು ಸಾಗಿಸುವ ನಾರಾಯಣಸ್ವಾಮಿ ಬೆವರು ಒರೆಸಿಕೊಳ್ಳುತ್ತ ಒಳಬಂದ. ‘ಮೇಷ್ಟ್ರು ಒಬ್ಬರೇ ಅಲ್ಲ ಮೇಡಂ, ನಾನೂ ಇದೀನಿ. ಮೊಟ್ಟೆ ಐಡಿಯಾ ನಂದು. ಮೊಟ್ಟೆ ಖರ್ಚೂ ನಮ್ದೇ, ಅಕ್ಕಂದಲ್ಲ. ತಪ್ಪಾಯ್ತಕ್ಕಾ. ದಿನಾ ಕುಡಿಯೋ ನಮಗೆ ಏನೂ ಆಗ್ಲಿಲ್ಲ, ಒಂದು ತೊಟ್ಟು ಮುಟ್ಟದ ನಿಮ್ಮ ಹೊಟ್ಟೆ ಕುಯ್ದ್ರಲ್ಲ ಅಂತ ಬೇಜಾರಾಗಿತ್ತು. ಬರ್ತೀರ ಅಂತ ತಿಳಿದಾಗ ಖುಷೀಲಿ ಕಾನೂನು ಜ್ಞಾಪಕಕ್ಕೆ ಬರ್ಲಿಲ್ಲ.’

‘ನೀನು ಯಾವತ್ತು ಕಾನೂನು ಜ್ಞಾಪಕ ಇಟ್ಕೊಂಡಿದ್ದೀಯೋ’ ಎಂದಳು ಅಕ್ಕ. ಕಣ್ಣು ಒದ್ದೆಯಾಗಿತ್ತು.

ಇನ್‌ಸ್ಪೆಕ್ಟರ್ ನಗು ತಡೆದುಕೊಂಡು ಪೆನ್ನು ತೆಗೆದರು. ‘ಖುಷಿಯಾದ್ರೆ ಹೂವು ಕೊಡಿ. ಬಾರಿನ ಹೆಸರು, ಮಗ್ಗು ಎಲ್ಲಾ ರಸ್ತೇಲಿ ಹಾಕಂಗಿಲ್ಲ.’

‘ಮೊಟ್ಟೆ, ಮೇಡಂ?’ ಎಂದ ನಾರಾಯಣಸ್ವಾಮಿ.

‘ಮೊಟ್ಟೇನೂ ಇಲ್ಲ. ಎಣ್ಣೆ ಜೊತೆ ಏನಾದ್ರೂ ಫ್ರೀ ಅಂದ್ರೆ ಕುಡಿಯೋಕೆ ಕರೆದ ಹಾಗೇ.’

ಮೇಷ್ಟ್ರು ತಮ್ಮ ದುಂಡನೆಯ ಅಕ್ಷರದಲ್ಲಿ ಹೇಳಿಕೆ ಬರೆದು ಪೂರ್ತಿ ಹೆಸರು, ವಿಳಾಸ ಹಾಕಿದರು. ಅದರ ಕೆಳಗೆ ನಾರಾಯಣಸ್ವಾಮಿ ಸಹಿ ಮಾಡಿದ. ಇಬ್ಬರೂ ಕಂಬದಿಂದ ಫ್ಲೆಕ್ಸ್ ಬಿಚ್ಚಿ ಮಡಿಚಿ ಟೆಂಪೋಗೆ ಹಾಕುವುದನ್ನು ಬೇಕರಿಯವರು ನೋಡಿದರು. ಗ್ರಾಹಕರು ತಾವಾಗಿ ಹಾಕಿದ್ದು, ಲೈಸೆನ್ಸುದಾರರಿಗೆ ತಿಳಿದಿರಲಿಲ್ಲ, ತಮ್ಮ ಎದುರಿನಲ್ಲೇ ತೆಗೆಸಲಾಗಿದೆ ಎಂದು ಇನ್‌ಸ್ಪೆಕ್ಟರ್ ಬರೆದುಕೊಂಡು, ಅಕ್ಕನಿಗೂ ಎಚ್ಚರಿಕೆ ಹೇಳಿ ಹೊರಟರು.

ಜೀಪು ಹೋಯಿತು. ಮೇಷ್ಟ್ರು ಗಲ್ಲಾದ ಎದುರಿನ ಕುರ್ಚಿಯಲ್ಲಿ ಕೊಡೆ ಹಿಡಿದು ಕೂತಿದ್ದರು. ಅಕ್ಕನ ಫೋನ್ ರಿಂಗಾಯಿತು. ಪಕ್ಕದಲ್ಲಿದ್ದ ನನಗೂ ಆ ಕಡೆಯ ಮಾತು ಕೇಳಿಸುತ್ತಿತ್ತು. ಮೇಷ್ಟ್ರ ಹೆಂಡತಿ ಸುಶೀಲಮ್ಮ.

‘ರತ್ನಮ್ಮಾ, ಹುಷಾರಾಗಿ ಬಂದ್ಯೇನಮ್ಮಾ? ನಮ್ಮೋರು ಅಲ್ಲಿದಾರಾ?’

‘ಇಲ್ವಲ್ಲಮ್ಮ. ಅವರು ಇಲ್ಲಿಗ್ಯಾಕೆ ಬರ್ತಾರೆ?’ ಎಂದಳು ಅಕ್ಕ, ಒಂದು ಉಸಿರಿನಷ್ಟೂ ತಡವರಿಸದೆ.

ಮೇಷ್ಟ್ರು ಕೈ ಚಾಚಿ ಫೋನ್ ತೆಗೆದುಕೊಂಡರು. ‘ಇಲ್ಲೇ ಇದೀನಿ ಕಣೇ.’

ಆ ಕಡೆಯಿಂದ ಸುಶೀಲಮ್ಮನ ದನಿ ಬಂತು. ‘ಗೊತ್ತಾಯ್ತು, ಬೇಕರಿಯೋನು ಹೇಳ್ದ. ಒಳ್ಳೇ ಕೆಲಸಾನೇ ಮಾಡಿದೀರ. ಮುದ್ದೆ ಆರ್ತಾ ಇದೆ, ಬನ್ನಿ.’

ಮೇಷ್ಟ್ರು ಫೋನನ್ನು ಗಲ್ಲಾದ ಮೇಲಿಟ್ಟು ಎದ್ದರು. ‘ಬರ್ತೀನಿ ರತ್ನಮ್ಮ, ನೀನು ಮಲಕ್ಕೋ’ ಎಂದು ಹೇಳಿ, ಬಂದ ಬಾಗಿಲಿಂದಲೇ ಹೊರಗೆ ಹೋದರು.

ಅಕ್ಕನ ಲೈಸೆನ್ಸ್ ನವೀಕರಣವಾಯಿತು. ಆ ವರ್ಷದ ಗಾಂಧಿ ಜಯಂತಿಗೆ ಶಾಲೆಯವರು ಮೇಷ್ಟ್ರನ್ನು ಕರೆಯಲಿಲ್ಲ. ಅವರೂ ಅದರ ಬಗ್ಗೆ ಯಾರೊಡನೆಯೂ ಮಾತಾಡಲಿಲ್ಲವೆಂದು ಅಕ್ಕ ಹೇಳಿದಳು. ಫ್ಲೆಕ್ಸಿನ ಸುದ್ದಿಯನ್ನು ನಮ್ಮ ಪತ್ರಿಕೆಯ ಸ್ಥಳೀಯ ವರದಿಗಾರ ಕಳಿಸಿದ್ದ. ನನ್ನ ಅಕ್ಕನ ವಿಷಯವಾದ್ದರಿಂದ ಅದನ್ನು ನಾನು ಮುಟ್ಟದೆ ಸಹೋದ್ಯೋಗಿಯೊಬ್ಬರಿಗೆ ಒಪ್ಪಿಸಿದೆ. ಅವರು ಓದಿ, ಇದರಲ್ಲಿ ಸುದ್ದಿ ಏನೂ ಇಲ್ಲವೆಂದು ಬಿಟ್ಟುಬಿಟ್ಟರು.

ಡೆಸ್ಕಿನಲ್ಲಿ ಕೂತು ದಿನವೂ ವರದಿಗಾರರಿಗೆ ಫೋನ್ ಮಾಡುತ್ತೇನೆ. ಇದನ್ನು ಹೇಳಿದ್ದು ಯಾರು, ಅವರ ಹೆಸರು ಹಾಕಬಹುದೇ ಎಂದು ಕೇಳುತ್ತೇನೆ. ಕೇಳಲೇಬೇಕು, ಅದು ನನ್ನ ಕೆಲಸ. ಆದರೆ ‘ಹೆಸರು ಹಾಕ್ಕೊಳ್ಳಿ ಅಂದಿದ್ದಾರೆ ಮೇಡಂ’ ಎಂಬ ಉತ್ತರ ಬಂದಾಗಲೆಲ್ಲ, ಆ ಹೆಸರನ್ನು ಮೊದಲಿಗಿಂತ ನಿಧಾನವಾಗಿ, ಅಕ್ಷರ ಅಕ್ಷರ ನೋಡಿಕೊಂಡು ಟೈಪ್ ಮಾಡುತ್ತೇನೆ.