ಅರ್ಜಿ ಬರೆಯುವವನ ದುವಾ

ನನಗೆ ಬೇಡುವುದು ಬರುವುದಿಲ್ಲ. ಹೀಗೆಂದರೆ ಅರಕಲಗೂಡಿನಲ್ಲಿ ಯಾರೂ ನಂಬುವುದಿಲ್ಲ, ಯಾಕೆಂದರೆ ನನ್ನ ಹೊಟ್ಟೆಪಾಡೇ ಬೇಡುವುದು. ತಾಲ್ಲೂಕು ಕಚೇರಿಯ ಎದುರಿನ ಹೊಂಗೆಮರದ ಕೆಳಗೆ ಮೇಜು ಹಾಕಿಕೊಂಡು ಇಪ್ಪತ್ತಾರು ವರ್ಷದಿಂದ ಊರವರ ಅರ್ಜಿ ಬರೆಯುತ್ತಿದ್ದೇನೆ. 'ತಮ್ಮಲ್ಲಿ ವಿನಮ್ರವಾಗಿ ಕೋರಿಕೊಳ್ಳುವುದೇನೆಂದರೆ' ಎಂಬ ಸಾಲನ್ನು ನಿದ್ದೆಗಣ್ಣಿನಲ್ಲೂ ತಪ್ಪಿಲ್ಲದೆ ಬರೆದೇನು. ಆದರೆ ಅದೆಲ್ಲ ಬೇರೆಯವರ ಬೇಡಿಕೆ. ನನಗಾಗಿ ಕೈಯೆತ್ತಿದರೆ ನಾಲಿಗೆ ಒಣಗುತ್ತದೆ.

ನಮ್ಮಲ್ಲಿ ನಮಾಜು ಬೇರೆ, ದುವಾ ಬೇರೆ. ನಮಾಜಿಗೆ ಹೊತ್ತುಂಟು, ಕ್ರಮವುಂಟು, ಅರಬ್ಬಿ ಮಾತುಂಟು. ದುವಾ ಅಂದರೆ ಅದಾದ ಮೇಲೆ ಎರಡು ಅಂಗೈ ಬಿಡಿಸಿ, ನಮ್ಮ ಮಾತಿನಲ್ಲಿ, ನಮಗೆ ಬೇಕಾದ್ದನ್ನು ಕೇಳುವುದು. ಕೇಳಿ ಮುಗಿದ ಮೇಲೆ ಆ ಅಂಗೈಗಳಿಂದ ಮುಖ ಸವರಿಕೊಳ್ಳುವುದು. ನಡುವೆ ಶಿಫಾರಸು ಬೇಡ, ಮೊಹರು ಬೇಡ. ಚಪ್ಪಲಿಯ ಬಾರು ಕಿತ್ತುಹೋದರೂ ದೇವರನ್ನೇ ಕೇಳು ಎನ್ನುತ್ತಾರೆ ಹಿರಿಯರು. ನನಗೆ ಇದು ಎಂದೂ ಒಗ್ಗಲಿಲ್ಲ. ಅಷ್ಟು ದೊಡ್ಡ ಕಚೇರಿಗೆ ಇಷ್ಟು ಸಣ್ಣ ಅರ್ಜಿಯೇ ಎಂದು ಸಂಕೋಚ. ಮಸೀದಿಯಲ್ಲಿ ಇಮಾಮರು ಊರಿಗೆಲ್ಲ ಸೇರಿಸಿ ಕೇಳಿದ್ದಕ್ಕೆ ಜೋರಾಗಿ 'ಆಮೀನ್' ಅಂದುಬಿಟ್ಟರೆ ನನ್ನ ರುಜುವೂ ಬಿತ್ತು ಅಂದುಕೊಂಡು ಎದ್ದು ಬರುತ್ತಿದ್ದೆ.

ನನ್ನ ಹೆಂಡತಿ ಜುಬೇದಾಳಿಗೆ ಈ ಸಂಕೋಚ ಇರಲಿಲ್ಲ. ಅವಳ ದುವಾ ನಮ್ಮ ಮನೆಯ ಉರ್ದುವಿನಲ್ಲಿ ಶುರುವಾಗಿ ಅರಕಲಗೂಡಿನ ಕನ್ನಡಕ್ಕೆ ಹೊರಳುತ್ತಿತ್ತು. ಕುಕ್ಕರಿನ ಗ್ಯಾಸ್ಕೆಟ್ಟು, ಪಕ್ಕದ ಮನೆಯ ಬಸುರಿ, ಹಿತ್ತಲ ನುಗ್ಗೆಮರಕ್ಕೆ ಹತ್ತಿದ ಕಂಬಳಿಹುಳು, ಎಲ್ಲವೂ ಅದರಲ್ಲಿ ಬರುತ್ತಿದ್ದವು. ಕೊನೆಗೆ ನಾನು. "ಮಾಲಿಕ್, ಈ ಮನ್ಸಂಗೆ ಬಾಯಿಲ್ಲ. ಇವ್ರದ್ದೂ ನಾನೇ ಯೋಳ್ಬುಡ್ತೀನಿ, ಸೇರಿಸ್ಕೋ" ಎನ್ನುತ್ತಿದ್ದಳು. ಊಟಕ್ಕೆ ಹೊತ್ತಾಯಿತೆಂದು ನಾನು ರೇಗುತ್ತಿದ್ದೆ.

ಮೂರು ತಿಂಗಳ ಹಿಂದೆ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ಹಾಸನದ ಡಾಕ್ಟರು, ಮಾತು ಬಂದರೆ ಬರಬಹುದು, ಕಾಯಬೇಕು ಎಂದರು. ಆಗ ನಾನು ಮಾಡಿದ್ದನ್ನು ನೆನೆದರೆ ನಾಚಿಕೆಯಾಗುತ್ತದೆ. ವೃತ್ತಿಬುದ್ಧಿ ಎಲ್ಲಿ ಹೋದೀತು? ಸೂಕ್ತ ಮಾರ್ಗದ ಮೂಲಕ ಅರ್ಜಿ ಕಳಿಸತೊಡಗಿದೆ. ಹೊಳೆನರಸೀಪುರದ ವಯಸ್ಸಾದ ಮೌಲ್ವಿಯೊಬ್ಬರಿಗೆ ಹೇಳಿಬಂದೆ. ಚನ್ನರಾಯಪಟ್ಟಣದ ನನ್ನ ಷಡ್ಡಕ ಉಮ್ರಾ ಯಾತ್ರೆಗೆ ಹೊರಟಿದ್ದ. ಮೆಕ್ಕಾದಲ್ಲಿ ಓದಲೆಂದು ಅವನ ಜೇಬಿಗೊಂದು ಚೀಟಿ ತುರುಕಿದೆ. ಹೆಸರು, ವಯಸ್ಸು, ಕಾಯಿಲೆ, ವಿಳಾಸ. ವಿಳಾಸ ಯಾಕೆಂದು ಅವನು ಕೇಳಲಿಲ್ಲ, ಪುಣ್ಯಾತ್ಮ. ಅವರೆಲ್ಲ ಮನಸ್ಸಿಟ್ಟೇ ದುವಾ ಕೇಳಿದರು. ಆದರೆ ಅವರಿಗೆ ಗೊತ್ತಿದ್ದದ್ದು ಕಾಯಿಲೆಯ ಹೆಸರು ಮಾತ್ರ. ಅವಳ ಮಂಚದ ಪಕ್ಕ ಕೂತಿರುತ್ತಿದ್ದ ನಾನೊಬ್ಬನೇ ಕೇಳಲಿಲ್ಲ.

ಹೋದ ವಾರ ಕೊಣನೂರಿನ ಕಡೆಯ ಜಯಮ್ಮ ಎಂಬುವರು ನನ್ನ ಮೇಜಿನ ಹತ್ತಿರ ಬಂದರು. ಬೆಳಗಿನ ಬಸ್ಸು ಹಿಡಿಯಲು ಮುಂದಿನ ಊರಿನವರೆಗೆ ನಡೆಯಬೇಕು; ಅದು ಅವರೂರ ಗೇಟಿನಲ್ಲೂ ನಿಲ್ಲಬೇಕು, ಅದಕ್ಕೊಂದು ಅರ್ಜಿ ಬೇಕು. ನಾನು ಎಂದಿನ ಧಾಟಿಯಲ್ಲಿ 'ಸದರಿ ಗ್ರಾಮದ ಸಾರ್ವಜನಿಕರಿಗೆ ತೀವ್ರ ಅನನುಕೂಲ ಉಂಟಾಗುತ್ತಿದ್ದು' ಎಂದು ಬರೆದು ಓದಿ ಹೇಳಿದೆ. ಆಯಮ್ಮ ಪೂರ್ತಿ ಕೇಳಿಸಿಕೊಂಡು ಮುಖ ಸಪ್ಪಗೆ ಮಾಡಿದರು.

"ಚೆನ್ನಾಗದೆ ಸಾ. ಆದ್ರೆ ಇದ್ರಲ್ಲಿ ನಾನೆಲ್ಲಿವ್ನಿ? ನನ್ ಮೊಣಕಾಲೇ ಇಲ್ವಲ್ಲ!"

"ಅರ್ಜೀಲಿ ಮೊಣಕಾಲೆಲ್ಲ ಬರೆಯಂಗಿಲ್ಲ ಕಣಮ್ಮ," ಎಂದೆ.

"ಯಾಕ್ ಬರೆಯಂಗಿಲ್ಲ? ನೋಯ್ತಿರಾದು ಅದೇ ತಾನೆ? ನಾ ಯೋಳ್ದಂಗೇ ಬರೀರಿ ಸಾ. ನಿಲ್ಲುಸ್ತಾರೋ ಬುಡ್ತಾರೋ, ನಂಗೆ ನೋಯ್ತದೆ ಅಂತಾನಾದ್ರೂ ಅವ್ರಿಗೆ ಗೊತ್ತಾಗ್ಲಿ."

ಹಾಗೆಯೇ ಬರೆದೆ. ನನ್ನ ಇಪ್ಪತ್ತಾರು ವರ್ಷದಲ್ಲಿ ಮೊಣಕಾಲಿದ್ದ ಮೊದಲ ಅರ್ಜಿ ಅದು. ಬಸ್ಸಿನವರಿಗಾದರೆ ಗೊತ್ತಿಲ್ಲ, ತಿಳಿಸಬೇಕು. ಎಲ್ಲ ಬಲ್ಲವನಿಗೆ ತಿಳಿಸುವುದೇನಿದೆ ಎಂದು ಮನೆಯ ದಾರಿಯುದ್ದಕ್ಕೂ ತರ್ಕ ಮಾಡಿಕೊಂಡು ಬಂದೆ. ಬಾಗಿಲು ತೆಗೆಯುವಾಗ ಹೊಳೆಯಿತು, ಗೊತ್ತಿಲ್ಲದಿದ್ದದ್ದು ನನಗೆ. ನನಗೆಲ್ಲಿ ನೋಯುತ್ತಿದೆ ಎಂದು ನಾನು ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ.

ಆ ಸಂಜೆ ಮಸೀದಿಗೆ ಹೋಗದೆ ಜುಬೇದಾಳ ಮಂಚದ ಪಕ್ಕದಲ್ಲೇ ನಮಾಜು ಮುಗಿಸಿದೆ. ತಿರುಗಿ ನೋಡಿದರೆ ಅವಳು ಎಡಗೈ ಎತ್ತಿದ್ದಳು. ಬಲಗೈ ಹೊದಿಕೆಯ ಮೇಲೆ ಬಿದ್ದಿತ್ತು. ದಿನವೂ ಹೀಗೆ ಎತ್ತುತ್ತಿದ್ದಳೋ ಏನೋ, ನಾನು ಕಂಡಿರಲಿಲ್ಲ. ಆ ಅಂಗೈಯ ಪಕ್ಕಕ್ಕೆ ನನ್ನದೊಂದನ್ನು ಜೋಡಿಸಿದೆ. ವಿಷಯ, ಉಲ್ಲೇಖ, ಒಂದೂ ನೆನಪಾಗಲಿಲ್ಲ.

"ಮಾಲಿಕ್, ನಂಗೆ ಹೆದ್ರಿಕೆ ಆಗ್ತದೆ. ಇವ್ಳು ಮಾತಾಡದೆ ಈ ಮನೇಲಿ ಇರಾಕಾಗ್ತಿಲ್ಲ. ಊಟಕ್ಕೆ ಎಷ್ಟೊತ್ತಾದ್ರೂ ಆಗ್ಲಿ, ಇನ್ಮೇಲೆ ರೇಗಲ್ಲ."

ಅಷ್ಟಕ್ಕೇ ಅಳು ಬಂತು, ಅತ್ತುಬಿಟ್ಟೆ. ಅಳುತ್ತಲೇ ಅವಳ ಬಾಕಿ ಉಳಿದಿದ್ದ ಗ್ಯಾಸ್ಕೆಟ್ಟು, ಕಂಬಳಿಹುಳುಗಳನ್ನೂ ಒಂದೊಂದಾಗಿ ಹೇಳಿದೆ.

ಜಯಮ್ಮನ ಬಸ್ಸು ಇನ್ನೂ ನಿಲ್ಲುತ್ತಿಲ್ಲ. ಜುಬೇದಾಳಿಗೆ ಮಾತು ಬಂದಿಲ್ಲ, ಬರದೆಯೂ ಹೋಗಬಹುದು. ಕೇಳಿದ್ದು ಸಿಗಬಹುದು, ಬದಲಿಗೆ ಬೇರೊಂದು ಕೇಡು ತಪ್ಪಬಹುದು, ಇಲ್ಲವೇ ಪರಲೋಕದಲ್ಲಿ ನಮಗಾಗಿ ತೆಗೆದಿಟ್ಟಿರಬಹುದು ಎನ್ನುತ್ತಾರೆ ಬಲ್ಲವರು. ನನ್ನದು ಯಾವ ಕಡತದಲ್ಲಿದೆಯೋ ನನಗೆ ತಿಳಿಯದು. ದಿನಾ ಕೇಳುತ್ತಿದ್ದೇನೆ.

ಆದರೆ ಆ ಸಂಜೆ ಅತ್ತು ಮುಗಿದ ಮೇಲೂ ನಾನು ಮುಖ ಸವರಿಕೊಳ್ಳುವುದನ್ನು ಮರೆತು ಕೂತಿದ್ದೆ. ಜುಬೇದಾ ತನ್ನ ಎಡ ಅಂಗೈಯನ್ನು ನನ್ನ ಹಣೆಯ ಮೇಲಿಟ್ಟು, ಕಣ್ಣು, ಕೆನ್ನೆ, ಗಡ್ಡದವರೆಗೂ ನಿಧಾನವಾಗಿ ಸವರಿದಳು, ತನ್ನದೇ ಮುಖವೇನೋ ಎನ್ನುವ ಹಾಗೆ.